ಕಪ್ಪು ಮೈ, ಬೆಳ್ಳಿ ಕಾಗದ

ಕಲಬುರಗಿಯಲ್ಲಿ ಚಿತ್ರಕಲೆ ಓದುವ ಹುಡುಗ ಹುಡುಗಿಯರ ಮುಂದೆ ಒಂದು ಸಂಜೆ ಮಾತಾಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಲ್ಲಿ ಗೋಡೆ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದ್ದೆ. ಇಲ್ಲಿ ಚಿತ್ರಗಳಿಲ್ಲ, ಹಾಗಾಗಿ ಕೆಲವು ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸ್ಟುಡಿಯೋದಲ್ಲಿ ನನ್ನ ಕೈಗೆ ಮೊದಲು ಕೊಟ್ಟಿದ್ದು ಕ್ಯಾಮೆರಾ ಅಲ್ಲ, ಪೆನ್ಸಿಲ್. ಅದು 1980ರ ದಶಕ. ಇದೇ ಊರಿನ ಒಂದು ಸ್ಟುಡಿಯೋಗೆ ಕೆಲಸ ಕಲಿಯೋಕೆ ಸೇರಿದ್ದೆ. ನಮ್ಮ ಉಸ್ತಾದ್ ಬಹಳ ಒಳ್ಳೆ ಕೆಲಸಗಾರರು. ಅವರು ಮೊದಲು ಕಲಿಸಿದ್ದು ರೀಟಚಿಂಗ್, ಅಂದರೆ ನೆಗೆಟಿವ್ ಮೇಲೇ ಮುಖ ತಿದ್ದೋದು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ ಅಲ್ವಾ? ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ತೆಳ್ಳಗೆ, ಗಾಜಿನ ಹಾಗೆ ಕಾಣುತ್ತದೆ. ಆ ಜಾಗಕ್ಕೆ ಪೆನ್ಸಿಲ್ ಹಿಡಿಯಲಿ ಅಂತ ಮೀಡಿಯಂ ಅನ್ನುವ ದ್ರವ ಸ್ವಲ್ಪ ಸವರಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್‌ನಿಂದ ಸಣ್ಣ ಸಣ್ಣ ಸುಳಿ ಹಾಕುತ್ತಾ ತುಂಬಬೇಕು. ಆಗ ಅಲ್ಲಿ ಬೆಳಕು ಕಡಿಮೆ ಹಾಯುತ್ತದೆ, ಕಾಗದದ ಮೇಲೆ ಆ ಜಾಗ ಬೆಳ್ಳಗಾಗುತ್ತದೆ. ಕಣ್ಣ ಕೆಳಗಿನ ಕಪ್ಪು, ಹಣೆಯ ಗೆರೆ, ಸಿಡುಬಿನ ಕಲೆ, ಎಲ್ಲ ಹೋಗುತ್ತದೆ. ಗಂಡಿನ ಕಡೆಯವರಿಗೆ ತೋರಿಸೋಕೆ ಫೋಟೋ ತೆಗೆಸುವ ಹುಡುಗಿಯ ಮನೆಯವರು ಹೇಳುವ ಮಾತು ಒಂದೇ. "ಸ್ವಲ್ಪ ಬೆಳ್ಳಗ ಮಾಡಿ ಕೊಡ್ರೀ."

ನಾನು ಬೆಳ್ಳಗೆ ಮಾಡುತ್ತಿದ್ದೆ. ಜಾಸ್ತಿ ಚೆನ್ನಾಗಿಯೇ ಮಾಡುತ್ತಿದ್ದೆ.

ಒಂದು ದಿನ ಚಿತ್ತಾಪುರದ ಕಡೆಯ ಒಬ್ಬರು ತೀರಿಹೋದ ತಾಯಿಯ ಸಣ್ಣ ಫೋಟೋ ತಂದರು. ಗೋಡೆಗೆ ಹಾಕೋಕೆ ದೊಡ್ಡದು ಮಾಡಿಕೊಡಿ ಅಂದರು. ಆ ಫೋಟೋದ್ದೇ ಫೋಟೋ ತೆಗೆದು ಕಾಪಿ ನೆಗೆಟಿವ್ ಮಾಡಿದೆವು. ನಾನು ಎರಡು ದಿನ ಕೂತು ಮುಖ ತಿದ್ದಿದೆ. ಹಣೆ ಮೇಲೆ, ಗದ್ದದ ಮೇಲೆ ಚುಕ್ಕಿ ಚುಕ್ಕಿಯಾಗಿ ಕಪ್ಪು ಇತ್ತು, ಹಳೇ ಫೋಟೋ ಕೊಳೆಯಾಗಿದೆ ಅಂದುಕೊಂಡು ಅದನ್ನೂ ತುಂಬಿಬಿಟ್ಟೆ. ಅವರು ಬಂದು ಫೋಟೋ ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ಫೋಟೋ ಚಂದ ಆಗ್ಯಾದ್ರಿ. ಆದ್ರ ನಮ್ಮವ್ವನ ಹಚ್ಚಿ ಎಲ್ಲಿ ಹೋದ್ವು? ಇಕಿ ಬ್ಯಾರೆ ಯಾರೋ ಹೆಣ್ಣುಮಗಳ ಆಗ್ಯಾಳಲ್ರಿ."

ಅವು ಹಚ್ಚೆಗಳು. ನಮ್ಮ ಕಡೆ ಹೆಣ್ಣುಮಕ್ಕಳು ಸತ್ತಾಗ ಜೊತೆಗೆ ಬರೋದು ಹಚ್ಚೆ ಒಂದೇ ಅಂತಾರೆ, ಬಂಗಾರ ಬರೋದಿಲ್ಲ. ಅದನ್ನೂ ನಾನು ಪೆನ್ಸಿಲ್‌ನಿಂದ ಅಳಿಸಿದ್ದೆ. ಮತ್ತೆ ಕಾಪಿ ತೆಗೆದು, ಈ ಸಲ ಪೆನ್ಸಿಲ್ ಮುಟ್ಟದೆ ಪ್ರಿಂಟ್ ಹಾಕಿ ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ಆದರೆ ಆ ಮಾತು ಇವತ್ತಿಗೂ ಹೋಗಿಲ್ಲ.

ಇವತ್ತು ನನಗೆ ಕೊಟ್ಟ ವಿಷಯ ಮನುಷ್ಯನ ದೇಹದ ಹಳೆಯ ಕಪ್ಪು ಬಿಳುಪು ಕಲಾ ಛಾಯಾಗ್ರಹಣ. ಹೆಸರು ಕೇಳಿದ ಕೂಡಲೇ ಕೆಲವರು ಬತ್ತಲೆ ಚಿತ್ರ ಅಂತ ಮುಜುಗರ ಪಡುತ್ತಾರೆ, ಕೆಲವರು ಅದಕ್ಕೇ ಬರುತ್ತಾರೆ. ನಾನು ಎರಡನ್ನೂ ಪಕ್ಕಕ್ಕೆ ಇಡುತ್ತೇನೆ. ನನಗೆ ಈ ಚಿತ್ರಗಳು ಮುಖ್ಯ ಆಗಿದ್ದು ಬೇರೆ ಕಾರಣಕ್ಕೆ. ಮೈಯನ್ನು ಅದರ ಸ್ವಂತ ಬಣ್ಣದಲ್ಲಿ, ಅದರ ಗೆರೆ, ಗಾಯ, ನೆರಳಿನ ಜೊತೆಗೇ ನೋಡಬಹುದು ಅಂತ ನನಗೆ ಕಲಿಸಿದ್ದು ಇವು. ಉಸ್ತಾದ್ ಕೊಟ್ಟ ಪೆನ್ಸಿಲ್ ಕೆಳಗಿಡಿಸಿದ್ದು ಇವು.

ಮೊದಲು ಒಂದು ವಸ್ತುವಿನ ಬಗ್ಗೆ ಹೇಳಬೇಕು. ಬೆಳ್ಳಿ.

ನೀವೆಲ್ಲ ಬಿದ್ರಿ ಕೆಲಸ ನೋಡಿದ್ದೀರಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಅದರ ಮೇಲೆ ಚಿತ್ತಾರ ಕೊರೆದು ಬೆಳ್ಳಿ ತಂತಿ, ಬೆಳ್ಳಿ ತಗಡು ಕೂಡಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಪ್ಪಿನ ಮೇಲೆ ಬೆಳ್ಳಿ. ಈಗ ಹಳೇ ಕಪ್ಪು ಬಿಳುಪು ಫೋಟೋ ಕಾಗದ ತಗೊಳ್ಳಿ. ಅದರ ಮೇಲೆ ಜೆಲಟಿನ್ ಪದರ, ಆ ಪದರದಲ್ಲಿ ಬೆಳ್ಳಿಯ ಲವಣ. ಬೆಳಕು ಬಿದ್ದ ಕಡೆ, ಚಿತ್ರ ಮೂಡಿಸುವ ರಾಸಾಯನಿಕ ನೀರು, ಅಂದರೆ ಡೆವಲಪರ್‌ನಲ್ಲಿ ಅದ್ದಿದಾಗ, ಆ ಲವಣ ಶುದ್ಧ ಬೆಳ್ಳಿಯಾಗುತ್ತದೆ. ಆದರೆ ಅದು ಹೊಳೆಯೋದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಸಿಕ್ಕುಗಟ್ಟಿ ನಿಲ್ಲೋದರಿಂದ ಬೆಳಕನ್ನು ನುಂಗುತ್ತದೆ, ಕಪ್ಪಾಗಿ ಕಾಣುತ್ತದೆ. ಅಂದರೆ ಫೋಟೋದಲ್ಲಿ ಬೆಳ್ಳಿಯೇ ಕಪ್ಪು. ಕಾಗದ ಬಿಳಿ. ಬಿದ್ರಿಗೆ ಸರಿಯಾಗಿ ಉಲ್ಟಾ.

ಇದು ನನಗೆ ಗೊತ್ತಾದ ದಿನ ನಿದ್ದೆ ಬರಲಿಲ್ಲ. ಫೋಟೋದಲ್ಲಿ ಕಪ್ಪು ಜಾಗ ಅಂದರೆ ಖಾಲಿ ಜಾಗ ಅಲ್ಲ. ಬಿಳಿ ಜಾಗವೇ ಖಾಲಿ. ಎಲ್ಲಿ ಕಪ್ಪು ಇದೆಯೋ ಅಲ್ಲಿ ಬೆಳ್ಳಿ ಇದೆ. ಆ ತಾಯಿಯ ಮುಖದಿಂದ ನಾನು ತೆಗೆದು ಹಾಕಿದ್ದು ಕೊಳೆಯನ್ನಲ್ಲ, ಬೆಳ್ಳಿಯನ್ನು.

ಕಷ್ಟ ಇನ್ನೊಂದಿತ್ತು. ತೀರ ಹಳೆಯ ಪ್ಲೇಟು, ಫಿಲಂಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಅವುಗಳಲ್ಲಿ ಆರ್ಥೋಕ್ರೊಮ್ಯಾಟಿಕ್ ಅನ್ನುವ ಜಾತಿಯವು ಬಹಳ ಕಾಲ ಬಳಕೆಯಲ್ಲಿದ್ದವು. ಕೆಂಪು ತುಟಿ ಅದರಲ್ಲಿ ಕಪ್ಪು ಬರುತ್ತದೆ. ನಮ್ಮ ಕಂದು ಮೈಯಲ್ಲಿ ಕೆಂಪಿನ ಪಾಲೇ ಜಾಸ್ತಿ. ಹಾಗಾಗಿ ಕಣ್ಣಿಗೆ ಕಾಣೋದಕ್ಕಿಂತ ಕಪ್ಪಾಗಿ, ಗೆರೆಗಳೆಲ್ಲ ಒಂದಾಗಿ ಬೀಳುತ್ತಿತ್ತು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲಂ ಎಲ್ಲ ಕಡೆ ಬಂದ ಮೇಲೂ ಮೀಟರ್ ಇತ್ತಲ್ಲ. ಬೆಳಕು ಅಳೆಯುವ ಮೀಟರ್‌ಗೆ ಎದುರಿಗಿರೋದು ಹಾಲೋ ಇದ್ದಿಲೋ ಗೊತ್ತಾಗೋದಿಲ್ಲ. ಎಲ್ಲವನ್ನೂ ನಡು ಬೂದು ಅಂತಲೇ ಲೆಕ್ಕ ಹಾಕುತ್ತದೆ, ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟು ವಾಪಸ್ ಕೊಡುವ ಬೂದು. ಕಪ್ಪು ಮೈಗೆ ಹಿಡಿದರೆ ಜಾಸ್ತಿ ಬೆಳಕು ಬೇಕು ಅನ್ನುತ್ತದೆ. ಅದು ಹೇಳಿದ ಹಾಗೆ ಕೇಳಿದರೆ ಕಪ್ಪು ಮೈ ಬೂದಿ ಬಳಿದ ಹಾಗೆ ಬರುತ್ತದೆ. ಹೊಳಪು ಸಾಯುತ್ತದೆ. ಹಾಗಾಗಿ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟೇ ಬೆಳಕು ಕೊಡಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ "ಇಂದು" ಅನ್ನುವ ಹೆಸರಿನ ಫಿಲಂ, ಕಾಗದ ಎಷ್ಟೋ ಹಾಳು ಮಾಡಿದ ಮೇಲೆ ಕೈಗೆ ಹತ್ತಿತು.

ಬೇಸಿಗೆಯಲ್ಲಂತೂ ಕೇಳಬೇಡಿ. ಡೆವಲಪರ್ 20 ಡಿಗ್ರಿ ಇರಬೇಕು ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ. ಮೇ ತಿಂಗಳ ಕಲಬುರಗಿ ನಿಮಗೇ ಗೊತ್ತು, ಹೊರಗೆ 42 ಡಿಗ್ರಿ, ಟ್ಯಾಂಕಿನ ನೀರು ಮುಟ್ಟಿದರೆ ಕೈ ಸುಡುತ್ತದೆ. ಆ ನೀರಲ್ಲಿ ಫಿಲಂ ತೊಳೆದರೆ ಜೆಲಟಿನ್ ಊದಿ ಲೋಳೆಯಾಗಿ, ಬೆರಳು ತಾಗಿದರೆ ಚಿತ್ರವೇ ಜಾರಿ ಬರುತ್ತದೆ. ರಾತ್ರಿ 11ರ ಮೇಲೆ ಕೆಲಸ ಶುರು ಮಾಡುತ್ತಿದ್ದೆವು. ದೊಡ್ಡ ಬುಟ್ಟಿಯಲ್ಲಿ ಐಸ್ ಒಡೆದು ಹಾಕಿ, ಅದರ ಮೇಲೆ ಟ್ರೇ. ಮಡಕೆ ನೀರು ಕುಡಿಯೋಕಲ್ಲ, ಫಿಲಂಗೆ. ಕೆಂಪು ಬಲ್ಬಿನ ಬೆಳಕಲ್ಲಿ ಬಿಳಿ ಕಾಗದದೊಳಗಿಂದ ಒಂದು ಭುಜ, ಒಂದು ಕೊರಳು ಮೆಲ್ಲಗೆ ಎದ್ದು ಬರುವ ಆ ಒಂದು ನಿಮಿಷಕ್ಕಾಗಿ ಇಷ್ಟೆಲ್ಲ. ಇವತ್ತಿಗೂ ನನಗೆ ಅದಕ್ಕಿಂತ ದೊಡ್ಡ ಖುಷಿ ಗೊತ್ತಿಲ್ಲ.

ಈಗ ಚಿತ್ರಗಳಿಗೆ ಬರೋಣ.

ಎಡ್ವರ್ಡ್ ವೆಸ್ಟನ್. ಅಮೆರಿಕದ ಛಾಯಾಗ್ರಾಹಕರು, 1886ರಲ್ಲಿ ಹುಟ್ಟಿದವರು. ಇಲ್ಲಿ ನೋಡಿ, ಇದು ಏನು? ಯಾರೋ ಬೆನ್ನು ಬಾಗಿಸಿ ಕೂತ ಹಾಗೆ, ಇನ್ನೊಬ್ಬರು ಅವರನ್ನು ಅಪ್ಪಿಕೊಂಡ ಹಾಗೆ ಕಾಣುತ್ತದೆ ಅಲ್ವಾ? ಇದು ಡೊಣ್ಣೆಮೆಣಸಿನಕಾಯಿ. 1930ರ ಚಿತ್ರ. ಹೆಸರು ಪೆಪ್ಪರ್ ನಂಬರ್ 30. ಅದೇ ಕಾಯಿಗಳನ್ನು ಎಷ್ಟೋ ಸಲ ತೆಗೆದ ಮೇಲೆ, ಕೊನೆಗೆ ಒಂದು ತಗಡಿನ ಆಲಿಕೆಯೊಳಗೆ ಕಾಯಿ ಇಟ್ಟರು. ಆಲಿಕೆಯ ಒಳಗೋಡೆಯಿಂದ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಸುತ್ತಿಕೊಂಡು ಬಂತು. ಕಾಯಿ ಮೈಯಾಯಿತು.

ನಾನು ದೇಹದ ಚಿತ್ರ ಅಂತ ಹೇಳಿ ಮೊದಲಿಗೆ ತರಕಾರಿ ತೋರಿಸಿದೆ. ಬೇಕಂತಲೇ. ಈ ಕಲೆಯಲ್ಲಿ ಬಟ್ಟೆ ಇದೆಯೋ ಇಲ್ಲವೋ ಅನ್ನೋದು ಮೊದಲ ಪ್ರಶ್ನೆಯೇ ಅಲ್ಲ. ಒಂದು ಉಬ್ಬಿನ ಮೇಲೆ ಬೆಳಕು ಏರಿ, ಆ ಕಡೆ ಇಳಿಯುವಾಗ ಎಷ್ಟು ಬೂದು ದಾಟಿ ಕಪ್ಪಿಗೆ ಹೋಗುತ್ತದೆ, ಅದು ಪ್ರಶ್ನೆ. ಅದು ಕಣ್ಣಿಗೆ ಹಿಡಿದರೆ ಬದನೆಕಾಯಿಯೂ ಸಾಕು, ಭುಜವೂ ಸಾಕು.

ವೆಸ್ಟನ್ ಕ್ಯಾಮೆರಾ 8 ಇಂಚು ಅಗಲ 10 ಇಂಚು ಉದ್ದದ ನೆಗೆಟಿವ್ ಕೊಡುವಂಥದ್ದು. ದೊಡ್ಡದು ಮಾಡುವ ಗೋಜಿಲ್ಲ. ನೆಗೆಟಿವ್ ಅನ್ನು ಕಾಗದದ ಮೇಲೇ ಒತ್ತಿಟ್ಟು ಪ್ರಿಂಟ್ ಹಾಕುತ್ತಿದ್ದರು. ಹಾಗಾಗಿ ಚರ್ಮದ ಒಂದೊಂದು ರಂಧ್ರವೂ, ಕೂದಲಿನ ಒಂದೊಂದು ಎಳೆಯೂ ಇದೆ. ಇದು 1936ರದ್ದು, ಬಾಗಿಲಲ್ಲಿ ಬಿಸಿಲಿಗೆ ಕೂತ ಕ್ಯಾರಿಸ್ ವಿಲ್ಸನ್, ಮುಂದೆ ಅವರ ಹೆಂಡತಿಯಾದವರು. ಮುಖ ಮೊಣಕಾಲಿಗೆ ಆನಿಸಿದ್ದಾರೆ, ಕಾಣೋದೇ ಇಲ್ಲ. ತೋಳು ಕಾಲು ಸೇರಿ ಒಂದು ಗಂಟಿನ ಹಾಗೆ. ಜಗತ್ತೆಲ್ಲ ಮೆಚ್ಚಿದ ಈ ಚಿತ್ರದಲ್ಲಿ ವೆಸ್ಟನ್‌ಗೆ ಬಲತೋಳಿನ ಮೇಲೆ ಬಿದ್ದ ನೆರಳು ಕೊನೆವರೆಗೂ ಸಮಾಧಾನ ಕೊಡಲಿಲ್ಲ. ಕ್ಯಾರಿಸ್‌ಗೆ ತನ್ನ ಬೈತಲೆ ಸೊಟ್ಟ ಇದೆ, ಹೇರ್‌ಪಿನ್ ಕಾಣುತ್ತಿದೆ ಅಂತ ಬೇಸರ. ನನಗೆ ಈ ಎರಡು ಬೇಸರಗಳೂ ಬಹಳ ಇಷ್ಟ. ಆ ಸೊಟ್ಟ ಬೈತಲೆಯಿಂದಲೇ ಅಲ್ಲಿ ಕೂತವಳು ಒಬ್ಬ ಮನುಷ್ಯಳು ಅಂತ ಗೊತ್ತಾಗುತ್ತದೆ. ಯಾರಾದರೂ ಪೆನ್ಸಿಲ್ ಹಿಡಿದು ಅದನ್ನು ತಿದ್ದಿದ್ದರೆ?

ಇಮೊಜನ್ ಕನಿಂಗ್‌ಹ್ಯಾಂ ಬಗ್ಗೆ ಹೆಣ್ಣುಮಕ್ಕಳು ವಿಶೇಷವಾಗಿ ಕೇಳಬೇಕು. ಇವರೂ ಅಮೆರಿಕದ ಛಾಯಾಗ್ರಾಹಕಿ. ಅಷ್ಟು ವರ್ಷ ಗಂಡಸರು ಹೆಣ್ಣಿನ ಮೈ ಬರೆದರು, ಕೆತ್ತಿದರು, ಫೋಟೋ ತೆಗೆದರು, ಯಾರೂ ಏನೂ ಅನ್ನಲಿಲ್ಲ. ಈಕೆ 1915ರಲ್ಲಿ ಮೌಂಟ್ ರೇನಿಯರ್ ಬೆಟ್ಟದ ಮೇಲೆ ತನ್ನ ಗಂಡನನ್ನು ಬತ್ತಲೆಯಾಗಿ ನಿಲ್ಲಿಸಿ ಚಿತ್ರ ತೆಗೆದರು. ಗದ್ದಲವೋ ಗದ್ದಲ. ಹೆಣ್ಣುಮಗಳು ಗಂಡಸಿನ ಮೈ ನೋಡಿ ಚಿತ್ರ ಮಾಡೋದಾ ಅಂತ. ಆಕೆ ಸುಮ್ನೆ ಆಗಲಿಲ್ಲ. 1932ರಲ್ಲಿ ವೆಸ್ಟನ್, ಆನ್ಸೆಲ್ ಆಡಮ್ಸ್ ಜೊತೆ ಸೇರಿ ಎಫ್/64 ಅನ್ನುವ ಗುಂಪು ಮಾಡಿದರು, ಮಸುಕು ಬೇಡ, ಇದ್ದದ್ದನ್ನು ಇದ್ದ ಹಾಗೆ ಚೂಪಾಗಿ ತೋರಿಸೋಣ ಅಂತ. ಮತ್ತೆ, ತೊಂಬತ್ತು ದಾಟಿದ ಮೇಲೆ ಏನು ಮಾಡಿದರು ಗೊತ್ತಾ? ತನ್ನ ಹಾಗೆ ತೊಂಬತ್ತು ದಾಟಿದವರನ್ನು ಹುಡುಕಿಕೊಂಡು ಹೋಗಿ ಅವರ ಚಿತ್ರ ತೆಗೆಯೋಕೆ ಶುರು ಮಾಡಿದರು. 1976ರಲ್ಲಿ ತೀರಿಕೊಂಡಾಗ ಅವರಿಗೆ 93. ಸುಕ್ಕು ಅನ್ನೋದು ಅಳಿಸುವಂಥದ್ದಲ್ಲ, ಓದುವಂಥದ್ದು ಅಂತ ನನಗೆ ಹೊಳೆದಿದ್ದು ಆ ಮುದುಕ ಮುದುಕಿಯರ ಮುಖ ನೋಡಿ.

ಬಿಲ್ ಬ್ರಾಂಟ್ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದವರು. ಅಪರಾಧ ನಡೆದ ಕೋಣೆಯನ್ನು ಪೂರ್ತಿ ಹಿಡಿಯೋಕೆ ಪೊಲೀಸರು ಬಳಸುತ್ತಿದ್ದಂಥ ಹಳೇ ಮರದ ಕೊಡಕ್ ಕ್ಯಾಮೆರಾ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಅದರ ಅಗಲ ಲೆನ್ಸ್ ಕೈಕಾಲುಗಳನ್ನು ಬೆಟ್ಟದಷ್ಟು ಹಿಗ್ಗಿಸುತ್ತಿತ್ತು. ಸಮುದ್ರದಂಡೆಯ ಬೆಣಚುಕಲ್ಲುಗಳ ನಡುವೆ ಒಂದು ಕಿವಿ, ಒಂದು ಮೊಣಕೈ ತಾವೇ ಕಲ್ಲುಗಳ ಹಾಗೆ ಕೂತಿರುತ್ತವೆ. ನನಗೆ ಅವರ ಚಿತ್ರಗಳು ಬೆರಗು ಹುಟ್ಟಿಸುತ್ತವೆ, ಆದರೆ ಹತ್ತಿರ ಅನ್ನಿಸೋದಿಲ್ಲ. ಅಲ್ಲಿ ಮೈ ಇದೆ, ಮನುಷ್ಯರು ಕಮ್ಮಿ. ನಿಮಗೆ ಬೇರೆ ಅನ್ನಿಸಬಹುದು.

ಇಲ್ಲಿವರೆಗೆ ತೋರಿಸಿದ್ದೆಲ್ಲ ಬಿಳಿಯರ ಮೈ. ನಮ್ಮ ಮೈಯನ್ನು ಕ್ಯಾಮೆರಾ ಹೇಗೆ ನೋಡಿತು?

ಇದನ್ನು ಹೇಳುವಾಗ ನನಗೆ ಸಂಕಟ ಆಗುತ್ತದೆ. 1869ರಲ್ಲಿ ಲ್ಯಾಂಪ್ರಿ ಅನ್ನುವವನು ಲಂಡನ್‌ನಲ್ಲಿ ಒಂದು ಪದ್ಧತಿ ಸೂಚಿಸಿದ. ಮರದ ಚೌಕಟ್ಟಿಗೆ ಎರಡೆರಡು ಇಂಚಿಗೆ ರೇಷ್ಮೆ ದಾರ ಕಟ್ಟಿ ಚೌಕ ಚೌಕ ಮಾಡೋದು. ಅದರ ಮುಂದೆ ಬೇರೆ ಬೇರೆ ದೇಶದ ಜನರನ್ನು ಬಟ್ಟೆ ಬಿಚ್ಚಿಸಿ ನಿಲ್ಲಿಸಿ ಫೋಟೋ ತೆಗೆಯೋದು, ಮೈಯ ಅಳತೆ ಹೋಲಿಸೋಕೆ. ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿದ ಹಾಗೆ. ಆಮೇಲೆ ಅಂಡಮಾನ್‌ನ ಜನರನ್ನೂ ಅಂಥದೇ ಚೌಕಗಳ ಮುಂದೆ ನಿಲ್ಲಿಸಿದರು. ಇನ್ನು 1876ರಿಂದ 78ರ ಬರ, ನಮ್ಮ ಹಿರಿಯರು ಧಾತು ಈಶ್ವರ ಬರ ಅಂತ ಕರೆಯುತ್ತಿದ್ದರಲ್ಲ, ಆಗ ಮದ್ರಾಸ್ ಕಡೆ ಹೂಪರ್ ಅನ್ನುವ ಸೇನಾಧಿಕಾರಿ ಹಸಿದು ಎಲುಬು ಗೂಡಾದವರನ್ನು ಸಾಲಾಗಿ ಕೂರಿಸಿ ತೆಗೆದ ಚಿತ್ರಗಳಿವೆ. ಒಬ್ಬೊಬ್ಬರ ಪಕ್ಕೆಲುಬೂ ಎಣಿಸಬಹುದು. ಆ ಚಿತ್ರಗಳನ್ನು ನಾನು ಇವತ್ತು ಗೋಡೆ ಮೇಲೆ ಹಾಕಿಲ್ಲ.

ಇವೂ ಕಪ್ಪು ಬಿಳುಪೇ. ಇವೂ ಬತ್ತಲೆ ಮೈಯೇ. ಕ್ಯಾರಿಸ್ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬೆಳಕಿನದ್ದಲ್ಲ. ಕ್ಯಾರಿಸ್ ತನ್ನ ಬೈತಲೆ ಸೊಟ್ಟ ಇದೆ ಅಂತ ದೂರಬಹುದಿತ್ತು. ಆ ಬರದ ತಾಯಿಗೆ ಏನು ಹೇಳೋಕೂ ಯಾರೂ ಬಿಡಲಿಲ್ಲ.

ನಾವು ಆಗ ನಿಜಾಮರ ಸೀಮೆ. ನಿಜಾಮರ ಆಸ್ಥಾನದ ಛಾಯಾಗ್ರಾಹಕರು ರಾಜಾ ದೀನ್ ದಯಾಳ್. 1892ರಲ್ಲಿ ಅವರು ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದರು. ಅಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದವರೂ ಹೆಣ್ಣುಮಗಳೇ, ಒಬ್ಬ ಇಂಗ್ಲಿಷ್ ಮಹಿಳೆ. ಪರ್ದೆಯ ಹೆಂಗಸರು ತಮ್ಮಿಷ್ಟಕ್ಕೆ ಬಂದು ಕೂತು ಫೋಟೋ ತೆಗೆಸಿಕೊಳ್ಳಬಹುದಿತ್ತು. ದೇಹದ ಕಲೆ ಅನ್ನುವಾಗ ಯಾರೂ ಇದನ್ನು ನೆನೆಯೋದಿಲ್ಲ. ನಾನು ನೆನೆಯುತ್ತೇನೆ. ಎದುರಿಗಿರುವವರ ಸಂಕೋಚಕ್ಕೆ ಮರ್ಯಾದೆ ಕೊಟ್ಟು ಒಂದು ಇಡೀ ಕೋಣೆ ಕಟ್ಟೋದು ಅಂದರೆ ಸಣ್ಣ ವಿಷಯ ಅಲ್ಲ.

ಮತ್ತೆ ನೀವೆಲ್ಲ ನೋಡಿರುವ ಚಿತ್ರ ಇದು. ಚರಕದ ಪಕ್ಕ ಓದುತ್ತಾ ಕೂತ ಗಾಂಧೀಜಿ, 1946. ತೆಗೆದವರು ಮಾರ್ಗರೆಟ್ ಬರ್ಕ್ ವೈಟ್. ಮೊದಲು ನೂಲೋದು ಕಲಿತು ಬಾ, ಆಮೇಲೆ ಫೋಟೋ ಅಂತ ಗಾಂಧೀಜಿ ಕಡೆಯವರು ಅವರಿಗೆ ಹೇಳಿದರು. ಕಲಿತರು. ನಮ್ಮ ದೇಶದಲ್ಲಿ ಎಲ್ಲರಿಗಿಂತ ಜಾಸ್ತಿ ಫೋಟೋ ಆದ ಬರಿಮೈ ಗಾಂಧೀಜಿಯದ್ದೇ ಇರಬೇಕು. ಆ ಎದೆಗೂಡು ನೋಡಿ ಯಾರಿಗಾದರೂ ಮುಜುಗರ ಆಗಿದೆಯಾ?

ಮುಜುಗರ ನಮ್ಮದಲ್ಲವೇ ಅಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸುತ್ತದೆ. ಸೇಡಂ ದಾರಿಯಲ್ಲಿ ಮಳಖೇಡಕ್ಕೆ ಹೋಗಿ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಬಸದಿಯಲ್ಲಿ ತೀರ್ಥಂಕರರು ಮೈಮೇಲೆ ನೂಲಿಲ್ಲದೆ ನಿಂತಿದ್ದಾರೆ, ಕೈಮುಗಿದು ಬರುತ್ತೇವೆ. ಹುಮನಾಬಾದ್ ಹತ್ತಿರದ ಜಲಸಂಗವಿಗೆ ಹೋಗಿ. ಚಾಲುಕ್ಯರ ಕಾಲದ ಗುಡಿ, ಹೊರಗೋಡೆ ತುಂಬ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಳು ಕಲ್ಲಹಲಗೆ ಮೇಲೆ ಚಾಲುಕ್ಯ ದೊರೆ ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತಾ ನಿಂತಿದ್ದಾಳೆ. ಅವಳ ಅಂದ ಎಲ್ಲರೂ ನೋಡುತ್ತಾರೆ. ಅವಳು ಬರೆಯುತ್ತಿದ್ದಾಳೆ ಅನ್ನೋದನ್ನು ನೋಡಿ. ಓದು ಬಲ್ಲವಳು, ಕೆಲಸದಲ್ಲಿ ಮುಳುಗಿದವಳು. ನೆತ್ತಿ ಮೇಲೆ ಬಿಸಿಲಿದ್ದಾಗ ಹೋದರೆ ಅವಳು ಚಪ್ಪಟೆ ಕಲ್ಲು. ಬಿಸಿಲು ಗೋಡೆಗೆ ಓರೆಯಾಗಿ ತಾಗುವ ಹೊತ್ತಿಗೆ ಹೋಗಿ. ಸೊಂಟದ ಬಳುಕು, ಕೈಯ ಹಿಡಿತ ಒಂದೊಂದೇ ಎದ್ದು ಬರುತ್ತದೆ. ಆಲಿಕೆಯೊಳಗಿನ ಮೆಣಸಿನಕಾಯಿಯ ಪಾಠವೇ ಇದು. ಕೆತ್ತಿದವನಿಗೂ ಗೊತ್ತಿತ್ತು. ನಮ್ಮೂರ ಚಿತ್ರಕಾರ ಎಸ್.ಎಂ. ಪಂಡಿತರಿಗೂ ಗೊತ್ತಿತ್ತು. ಅವರ ದೇವಾನುದೇವತೆಗಳ ತೋಳು ನೋಡಿ, ಕ್ಯಾಲೆಂಡರ್‌ನಲ್ಲಿದ್ದರೂ ಮುಟ್ಟಿದರೆ ಬೆಚ್ಚಗೆ ಇರಬಹುದೇನೋ ಅನ್ನಿಸುತ್ತದೆ.

ನಾನು ಮಾಡಿದ್ದರಲ್ಲಿ ಒಂದೇ ಒಂದು ಚಿತ್ರ ತೋರಿಸುತ್ತೇನೆ.

ಶಹಾಬಾದ್ ಕಡೆಯ ಒಂದು ಫರ್ಸಿ ಗಣಿ, ನೆಲಕ್ಕೆ ಹಾಸುವ ಕಲ್ಲಿನದು. ಅಲ್ಲಿ ಕಲ್ಲು ಒಡೆಯುವ ಒಬ್ಬರು, ನನಗಿಂತ ಹಿರಿಯರು. ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಬೆನ್ನು ನೋಡಿದೆ. ಎಣ್ಣೆ ಹಚ್ಚಿದ ಬೀಟೆ ಮರದಂಥ ಕಪ್ಪು. ಅದರ ಮೇಲೆ ಕಲ್ಲಿನ ಬಿಳಿ ಪುಡಿ. ಬೆವರು ಹರಿದ ಕಡೆ ಪುಡಿ ಕೊಚ್ಚಿ ಹೋಗಿ ಗೆರೆ ಗೆರೆ. ನನಗೆ ಬಿದ್ರಿ ಹೂಜಿಯೇ ಕಂಡಿತು. ಕ್ಯಾಮೆರಾ ಹೆಗಲಲ್ಲೇ ಇತ್ತು. ಅವರಿಗೆ ಗೊತ್ತಾಗದ ಹಾಗೆ ಹಿಂದಿನಿಂದ ತೆಗೆಯಬಹುದಿತ್ತು. ತೆಗೆಯಲಿಲ್ಲ. ಹೋಗಿ ಕೇಳಿದೆ.

"ಬೆನ್ನಿಂದ್ಯಾಕ್ರಿ? ಮಾರಿ ಚಂದ ಇಲ್ಲೇನ್ರಿ ನಂದು?" ಅಂದರು.

ಮೊದಲು ಅವರ ಮುಖದ ಫೋಟೋ ತೆಗೆದೆ. ಅದು ಅವರ ಹಕ್ಕು. ಆ ದಿನ ಬೆನ್ನಿನದು ತೆಗೆಯಲೇ ಇಲ್ಲ. ಮುಂದಿನ ವಾರ ಮುಖದ ಪ್ರಿಂಟ್ ತಗೊಂಡು ಹೋಗಿ ಕೊಟ್ಟೆ. ಪೆನ್ಸಿಲ್ ಮುಟ್ಟಿರಲಿಲ್ಲ. ಅವರು ನೋಡಿ, "ಖರೇನ ನಾನ ಅದೀನಿ" ಅಂದರು. ಮೂರನೇ ಸಲ ಹೋದಾಗ ವೆಸ್ಟನ್‌ನ ಆ ಮೆಣಸಿನಕಾಯಿ ತೋರಿಸಿದೆ, ಹೀಗೆ ತೆಗೆಯಬೇಕಂತ ಆಸೆ ಇದೆ ಅಂದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ತಾವೇ ಅಂಗಿ ಬಿಚ್ಚಿ ಕಲ್ಲಿನ ಮೇಲೆ ಕೂತು, ಹೇಗೆ ಕೂರಲಿ ಅಂತ ಕೇಳಿದರು. ಸಂಜೆ ಐದೂವರೆ. ಬೆಳಕು ಗಣಿಯ ಅಂಚಿನಿಂದ ಅಡ್ಡಡ್ಡ ಬರುತ್ತಿತ್ತು. ನನ್ನದು ಯಾಶಿಕಾದ ಎರಡು ಕಣ್ಣಿನ ಕ್ಯಾಮೆರಾ, 120 ಫಿಲಂ, ಒಂದು ರೋಲಿಗೆ 12 ಚಿತ್ರ. ಹನ್ನೆರಡೂ ಅವರಿಗೇ ತೆಗೆದೆ. ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕಡಿಮೆ.

ಇದು ಏಳನೆಯದು. ಎಡ ಹೆಗಲ ಕೆಳಗೆ ಒಂದು ಗಾಯದ ಗುರುತು ಇದೆ ನೋಡಿ, ಅರ್ಧಚಂದ್ರದ ಹಾಗೆ. ಪ್ರಿಂಟ್ ಕೊಡಲು ಮನೆಗೆ ಹೋದಾಗ ಅವರ ಹೆಂಡತಿ ಆ ಗುರುತಿನ ಮೇಲೆ ಬೆರಳಿಟ್ಟು, ಯಾವ ವರ್ಷ, ಯಾವ ಕಲ್ಲು ಜಾರಿ ಬಿದ್ದಿದ್ದು, ಅವತ್ತು ಮನೆಯಲ್ಲಿ ಏನು ಅಡುಗೆ ಆಗಿತ್ತು, ಎಲ್ಲ ಹೇಳಿದರು. ಅವರ ಗಂಡನಿಗೇ ನೋಡಲು ಸಿಗದ ಬೆನ್ನು ಅದು. ಆತ ತನ್ನ ಬೆನ್ನನ್ನು ತಾನೇ ಮೊದಲ ಸಲ ನೋಡುತ್ತಿದ್ದರು. ಈ ಚಿತ್ರವನ್ನು ಇಲ್ಲಿ ತೋರಿಸಲಾ ಅಂತ ಅವರ ಮಗನನ್ನು ಕೇಳಿಯೇ ತಂದಿದ್ದೇನೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡು ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ, "ಸರ್, ಇಂಥಾ ಚಿತ್ರ ಮಾಡಿದರೆ ಪೊಲೀಸ್ ಕೇಸ್ ಆಗೋದಿಲ್ವಾ?"

ಸರಿಯಾದ ಪ್ರಶ್ನೆ. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವರು ಮದುವೆಯಾಗಲಿದ್ದ ಬಾರ್ಬರಾ ಫೆಲ್ಟಸ್, ಇಬ್ಬರೂ ಬಟ್ಟೆ ಇಲ್ಲದೆ ಇದ್ದ ಒಂದು ಚಿತ್ರ ಜರ್ಮನಿಯ ಪತ್ರಿಕೆಯಲ್ಲಿ ಬಂದಿತ್ತು. ಬಾರ್ಬರಾ ಕಪ್ಪು ಮೈಬಣ್ಣದವರು. ಚಿತ್ರ ತೆಗೆದವರು ಬಾರ್ಬರಾ ಅವರ ಸ್ವಂತ ತಂದೆ. ಬಣ್ಣ ನೋಡಿ ಮನುಷ್ಯರನ್ನು ದ್ವೇಷಿಸೋದರ ವಿರುದ್ಧ ಆ ಇಬ್ಬರೂ ಹಾಗೆ ನಿಂತಿದ್ದರು. 1993ರಲ್ಲಿ ಕಲ್ಕತ್ತಾದ ಪತ್ರಿಕೆಗಳು ಅದನ್ನು ಅಚ್ಚು ಹಾಕಿದಾಗ ಅಶ್ಲೀಲ ಅಂತ ಕೇಸ್ ಆಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮೈ ಬತ್ತಲೆ ಇದೆ ಅನ್ನುವ ಒಂದೇ ಕಾರಣಕ್ಕೆ ಚಿತ್ರ ಅಶ್ಲೀಲ ಆಗೋದಿಲ್ಲ, ಅದು ಏನು ಹೇಳುತ್ತಿದೆ, ಈ ಕಾಲದ ಜನ ಹೇಗೆ ನೋಡುತ್ತಾರೆ ಅನ್ನೋದನ್ನೂ ನೋಡಬೇಕು ಅಂದಿತು. ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ಒಪ್ಪಿಗೆ ಇಲ್ಲದೆ ಯಾರದಾದರೂ ಖಾಸಗಿ ಅಂಗದ ಚಿತ್ರ ತೆಗೆದರೆ, ಕಳಿಸಿದರೆ, ಐಟಿ ಕಾಯ್ದೆ 66ಇ ಪ್ರಕಾರ 3 ವರ್ಷದವರೆಗೆ ಜೈಲು. 18 ತುಂಬದವರ ವಿಷಯಕ್ಕೆ ಹೋಗಲೇಬೇಡಿ. ದೊಡ್ಡವರೇ ಆದರೂ, ಇವತ್ತು ಹೂಂ ಅಂದವರು ನಾಳೆ ಬೇಡ ಅಂದರೆ ಚಿತ್ರ ಪೆಟ್ಟಿಗೆಗೆ ವಾಪಸ್. ಅದರ ಮೇಲೆ ವಾದ ಮಾಡಬಾರದು.

ಇನ್ನೊಬ್ಬ ಹುಡುಗಿ ಕೇಳಿದಳು. ಅವಳ ಅಜ್ಜಿಯ ಕೈ ಚಿತ್ರ ತೆಗೆಯಬೇಕಂತೆ. ತೊಗರಿ ಹೊಲದಲ್ಲಿ ದುಡಿದ ಕೈ. ಅಜ್ಜಿ ಮುಚ್ಚಿಟ್ಟುಕೊಳ್ಳುತ್ತಾಳಂತೆ, ಕಪ್ಪಾಗಿದೆ, ಒರಟಾಗಿದೆ, ಏನ್ ತಗೀತಿ ಬಿಡು ಅಂತ.

ನಾನು ಉಮರಾವ್ ಸಿಂಗ್ ಶೇರ್‌ಗಿಲ್ ಅವರ ಬಗ್ಗೆ ಹೇಳಿದೆ, ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಅವರ ತಂದೆ. 1930ರಲ್ಲಿ ಹದಿನೈದು ದಿನ ಉಪವಾಸ ಇದ್ದು ತಮ್ಮದೇ ಬರಿಮೈಯ ಚಿತ್ರ ತೆಗೆದುಕೊಂಡಿದ್ದಾರೆ. ಕ್ಯಾಮೆರಾ ಎದುರು ತಮ್ಮ ಮೈಯನ್ನೇ ಇಟ್ಟವರು. "ಮೊದಲು ನಿನ್ನ ಕೈಯನ್ನೇ ತೆಗೆ, ಅದನ್ನು ಅಜ್ಜಿಗೆ ತೋರಿಸು" ಅಂದೆ.

ಎಲ್ಲರೂ ಚಹಾ ಕುಡಿಯುವಾಗ ಅವಳು ವರಾಂಡದಲ್ಲಿ ಒಂದು ಬಲ್ಬಿನ ಕೆಳಗೆ ನಿಂತಿದ್ದಳು. ಗೋಡೆ ಮೇಲೆ ಎಡಗೈ ಇಟ್ಟು ಬಲಗೈಯಲ್ಲಿ ಫೋನ್ ಹಿಡಿದು ತೆಗೆಯುತ್ತಿದ್ದಳು. ಕರೆದು ತೋರಿಸಿದಳು. ಕೈ ನುಣ್ಣಗೆ, ಬೆಳ್ಳಗೆ, ಮೇಣದ ಹಾಗಿತ್ತು. ಫೋನಿನೊಳಗೇ ಯಾರೋ ಕೂತು ಪೆನ್ಸಿಲ್ ಆಡಿಸಿದ್ದರು. ಸೆಟ್ಟಿಂಗ್‌ನಲ್ಲಿ ಬ್ಯೂಟಿ ಅಂತ ಇದ್ದದ್ದನ್ನು ಹುಡುಕಿ ಆಫ್ ಮಾಡಿದೆವು. ಕಪ್ಪು ಬಿಳುಪು ಮಾಡಿದೆವು. ಪರದೆ ಮೇಲೆ ಬೆರಳು ಎಳೆದು ಬೆಳಕು ಸ್ವಲ್ಪ ಇಳಿಸು ಅಂದೆ. ಗೋಡೆಯಿಂದ ಕೈಯನ್ನು ಒಂದಿಷ್ಟು ಎತ್ತಿ ಬಲ್ಬಿಗೆ ಓರೆ ಮಾಡಿದಳು.

ಗೆಣ್ಣುಗಳು ಬಂದವು. ನರ ಬಂತು. ಹೆಬ್ಬೆರಳ ಹತ್ತಿರ ಒಂದು ಹಳೇ ಸುಟ್ಟ ಗುರುತು.

"ಇದು ಎಣ್ಣೆ ಸಿಡಿದಿದ್ದು ಸರ್," ಅಂದಳು. "ನಾನು ಮರೆತೇ ಬಿಟ್ಟಿದ್ದೆ."

ಇನ್ನೂ ಸ್ವಲ್ಪ ಓರೆ ಮಾಡಿ ಮತ್ತೊಂದು ತೆಗೆದಳು.